ಆ ನೆರಳು ಯಾರದು

ಸಾಗರ, ಭಾನುವಾರ

ಚಿ. ಪುಟ್ಟಿಗೆ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ಫೀಸು, ಹಾಸ್ಟೆಲು ಎಲ್ಲ ನಿನ್ನಪ್ಪ ಫೋನಿನಲ್ಲಿ ಹೇಳಿಯಾಗಿದೆ, ಬಿಡುತ್ತೇನೆ. ನಿನ್ನ ಕಾಗದದ ಕೊನೆಯ ಪುಟದ ಅಂಚಿನಲ್ಲಿ ನೀನು ಸಣ್ಣದಾಗಿ ಬರೆದ ಮಾತು ನನ್ನ ನಿದ್ದೆ ಕೆಡಿಸಿದೆ: ‘ಅವರು ಹೇಳಿದಂತೆಲ್ಲ ತಿದ್ದಿದೆ. ಈಗ ಚಿತ್ರ ಚೆನ್ನಾಗಿದೆ. ಆದರೆ ನನ್ನದು ಅನ್ನಿಸುತ್ತಿಲ್ಲ.’

ಸುಳ್ಳು ಹೇಳುವುದಿಲ್ಲ, ಮೊದಲು ನಿನ್ನ ತೋಟದ ಚಿತ್ರ ನೋಡಿ ತಿದ್ದಲು ಹೇಳಿದ ಆ ಕಲಾವಿದರ ಮಾತಿನಲ್ಲೇ ತಪ್ಪು ಹುಡುಕಲು ಹೊರಟೆ. ತಿದ್ದುವ ಮೊದಲಿನದು, ಅನಂತರದ್ದು, ಎರಡೂ ಫೋಟೊ ಹಿಡಿದು ಜಗಲಿಯಲ್ಲಿ ಕುಳಿತೆ. ಅವರು ಹೇಳಿದ್ದು ಸರಿ. ನೀನು ಅಡಿಕೆ ಮರದ ನೆರಳಿಗೆ ಬರೀ ಕಪ್ಪು ಬಳಿದಿದ್ದೆ. ತೋಟದ ನೆರಳಿನಲ್ಲಿ ನೀಲಿಯಿದೆ, ಮಳೆಗಾಲದಲ್ಲಂತೂ ಹಸಿರೇ ಹೆಚ್ಚು. ಬೆಳಕಿಗೆಂದು ಬಿಳಿ ಹಚ್ಚಿದ್ದೆ. ಜಲವರ್ಣದಲ್ಲಿ ಬೆಳಕೆಂದರೆ ಮುಟ್ಟದೆ ಬಿಟ್ಟ ಕಾಗದ. ಇದನ್ನು ನಾನೇ ಹೇಳಬೇಕಿತ್ತು. ಮುದ್ದಿನಲ್ಲಿ ಹೇಳಲಿಲ್ಲ.

ಆದರೂ ‘ನನ್ನದು ಅನ್ನಿಸುತ್ತಿಲ್ಲ’ ಎಂಬುದು ಬಿಡುತ್ತಿಲ್ಲ.

ನಾನು ಡ್ರಾಯಿಂಗ್ ಮಾಸ್ತರನಾಗಿದ್ದಾಗ ಏಳನೆಯ ತರಗತಿಯ ಹುಡುಗನೊಬ್ಬ ಸ್ಪರ್ಧೆಗೆ ಜೋಡೆತ್ತಿನ ಚಿತ್ರ ಬರೆದಿದ್ದ. ಕಾಲೆಲ್ಲ ಸೊಟ್ಟ. ಅವನ ಕೈಯ ಕುಂಚ ಕಸಿದು ಎಂಟೂ ಕಾಲು ನಾನೇ ತಿದ್ದಿದೆ. ಬಹುಮಾನ ಬಂತು. ಬಹುಮಾನದ ಸ್ಟೀಲ್ ತಟ್ಟೆಯನ್ನು ನನ್ನ ಮೇಜಿನ ಮೇಲಿಟ್ಟು ‘ಇದು ನಿಮ್ಮದು ಸಾರ್’ ಎಂದ. ಮುಖದಲ್ಲಿ ಸಿಟ್ಟೇನೂ ಇರಲಿಲ್ಲ. ಆಮೇಲೆ ಅವನು ನನಗೆ ಚಿತ್ರ ತೋರಿಸಲಿಲ್ಲ. ನಿನ್ನ ಕಾಗದ ಬರುವವರೆಗೂ ಅದನ್ನು ತಮಾಷೆಯೆಂದೇ ಹೇಳಿಕೊಂಡು ತಿರುಗಿದೆ.

ಅವರು ನಿನ್ನ ಹಾಳೆಯ ಮೇಲೆ ಕುಂಚ ಆಡಿಸಿದರೋ, ಬಾಯಲ್ಲಿ ಹೇಳಿದರೋ? ನೀನು ಬರೆದಿಲ್ಲ. ಬಾಯಲ್ಲಿ ಹೇಳಿದ್ದಾದರೆ ನನ್ನ ಭಯ ಅರ್ಧ ಇಳಿಯುತ್ತದೆ.

ಇನ್ನೊಂದು ದಾರಿಯನ್ನೂ ನಾನು ಕಂಡವನೇ. ಇಪ್ಪತ್ತೈದರಲ್ಲಿ ಹಿರಿಯರೊಬ್ಬರು ನನ್ನ ಬಣ್ಣವೆಲ್ಲ ಕೆಸರು ಎಂದರು. ನನ್ನದು ನನ್ನದಾಗಿಯೇ ಇರಲಿ ಎಂದು ಹಟ ಹಿಡಿದೆ, ಒಂದು ಗೆರೆ ತಿದ್ದಲಿಲ್ಲ. ಅಟ್ಟದ ಟ್ರಂಕಿನಲ್ಲಿವೆ. ಎಲ್ಲವೂ ನನ್ನವೇ, ಕೆಸರು ಸಹಿತ.

ಮೈಸೂರಿನ ಕೆ. ವೆಂಕಟಪ್ಪ ಕಲ್ಕತ್ತೆಯಲ್ಲಿ ಅವನೀಂದ್ರನಾಥ ಟ್ಯಾಗೋರರ ಬಳಿ ಕಲಿತವರು. ಮೊದಮೊದಲ ಪುರಾಣದ ಚಿತ್ರಗಳಲ್ಲಿ ಗುರುವಿನ ಆ ತೊಳೆದಂಥ ಮಬ್ಬು ಬಣ್ಣವೇ ಕಾಣುತ್ತದೆ. ಮುಂದೆ ಊಟಿಯ ಬೆಟ್ಟಗಳನ್ನು ಬರೆದರಲ್ಲ, ಅಲ್ಲಿನ ಮಬ್ಬು ಊಟಿಯದೇ. ಹುಟ್ಟಿದ್ದು 1886ರಲ್ಲಿ; ಊಟಿಯ ಹೊತ್ತಿಗೆ ನಲವತ್ತರ ಆಸುಪಾಸು. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಅವರ ಹೆಸರಿನ ಗ್ಯಾಲರಿಯಿದೆ, ಬಿಡುವಾದಾಗ ಹೋಗು. ನಿನಗಿನ್ನೂ ಹತ್ತೊಂಬತ್ತು.

ಉಪಾಯ ಕೇಳಿದ್ದೀಯೆ. ಮಾಸ್ತರನ ಉಪಾಯ, ಕಲಾವಿದನದಲ್ಲ. ತಿದ್ದಿದ ಹಾಳೆಯನ್ನು ಇನ್ನು ಮುಟ್ಟಬೇಡ. ಅವರ ಮಾತನ್ನು ಅದರ ಹಿಂದೆ ಪೆನ್ಸಿಲಿನಲ್ಲಿ ಬರೆದಿಡು. ದಸರಾ ರಜೆಗೆ ಬಂದು ಅದೇ ತೋಟವನ್ನು ಬೇರೆ ಹಾಳೆಯಲ್ಲಿ ಬರೆ, ಅದನ್ನು ನೋಡದೆ. ನೆರಳಿಗೆ ಅಲ್ಟ್ರಾಮರೀನ್ ನೀಲಿಗೆ ಸ್ವಲ್ಪ ಬರ್ಂಟ್ ಸಿಯೆನ್ನಾ ಕಂದು ಬೆರೆಸಬಹುದು. ಅವರು ಬೇರೆ ಹೇಳಿದ್ದರೆ ನನ್ನದನ್ನು ಬಿಡು.

ನಿನ್ನ ದೊಡ್ಡಮ್ಮನಿಗೆ ಮೊದಲಿನದೇ ಇಷ್ಟವಂತೆ. ಅದನ್ನು ಲೆಕ್ಕಕ್ಕೆ ಹಿಡಿಯಬೇಡ, ಹಿಡಿದರೂ ಅಡ್ಡಿಯಿಲ್ಲ. ಆದರೆ ಅವಳು ಒಂದು ತೋರಿಸಿದಳು: ಎರಡೂ ಚಿತ್ರದಲ್ಲಿ ಬಾವಿಕಟ್ಟೆ ಎಡಕ್ಕೆ ವಾಲಿದೆ. ನಮ್ಮ ಬಾವಿಕಟ್ಟೆ ವಾಲಿರುವುದು ಅವರಿಗೆ ಹೇಗೆ ಗೊತ್ತಾಗಬೇಕು? ನೆಟ್ಟಗೆ ಮಾಡು ಎಂದಿರಲೇಬೇಕು. ನೀನು ಮಾಡಿಲ್ಲ. ಯಾಕೆ ಮಾಡಲಿಲ್ಲ ಎಂದು ಮುಂದಿನ ಕಾಗದದಲ್ಲಿ ಬರೆ.

ಇಂತಿ,
ದೊಡ್ಡಪ್ಪ