ಸ್ಫೋಟಕ ಪತ್ತೆ: ರೇಡಿಯೊ ತರಂಗಕ್ಕೂ ಮಿತಿಯಿದೆ

ಮಾನ್ಯರೇ,

ಬಚ್ಚಿಟ್ಟ ಸ್ಫೋಟಕವನ್ನು ರೇಡಿಯೊ ತರಂಗದಿಂದ ನೂರಾರು ಮೀಟರ್ ದೂರದಿಂದಲೇ ಗುರುತಿಸಬಹುದೆಂಬ ಮಾತು ಆಗಾಗ ಕೇಳಿಬರುತ್ತದೆ. ಅದು ನಿಜವಲ್ಲ.

ನಿಜವಾಗಿ ಕೆಲಸ ಮಾಡುವ ವಿಧಾನ ನ್ಯೂಕ್ಲಿಯರ್ ಕ್ವಾಡ್ರುಪೋಲ್ ರೆಸೋನೆನ್ಸ್. ಘನ ಸ್ಫೋಟಕದ ಹರಳಿನಲ್ಲಿರುವ ನೈಟ್ರೋಜನ್-14, ತನಗೆ ಹೊಂದುವ ಕಂಪನಾಂಕದ ರೇಡಿಯೊ ಮಿಡಿತ ತಾಕಿದಾಗ ಕ್ಷೀಣವಾಗಿ ಮರುದನಿ ಕೊಡುತ್ತದೆ. ಆರ್‌ಡಿಎಕ್ಸ್‌ನದು 3.41 ಮತ್ತು 5.19 ಮೆಗಾಹರ್ಟ್ಸ್ ಆಸುಪಾಸು. ಎಂಆರ್‌ಐಗೆ ಬೇಕಾದಂಥ ಅಯಸ್ಕಾಂತ ಇದಕ್ಕೆ ಬೇಡ. ವಸ್ತು ಬದಲಾದರೆ ಕಂಪನಾಂಕವೂ ಬದಲಾಗುವುದರಿಂದ ಗುರುತು ಬಲು ಖಚಿತ.

ಆದರೆ ದೂರ ಹೆಚ್ಚಿದಂತೆ ಸಂಕೇತ ಥಟ್ಟನೆ ಕುಸಿಯುತ್ತದೆ. ಮಿಡಿತ ಕಳಿಸಿ ಮರುದನಿ ಹಿಡಿಯುವ ತಂತಿ ಸುರುಳಿಯಿಂದ ಹತ್ತಾರು ಸೆಂಟಿಮೀಟರ್, ಅಷ್ಟೇ. ಟಿಎನ್‌ಟಿ ಎಂಬ ಸ್ಫೋಟಕ ಇನ್ನೂ ಕಷ್ಟ: ಅದರ ಗೆರೆಗಳು, ಅಂದರೆ ಮರುದನಿಯ ಕಂಪನಾಂಕಗಳು, 1 ಮೆಗಾಹರ್ಟ್ಸ್‌ಗಿಂತ ಕೆಳಗೆ, ಎಎಂ ರೇಡಿಯೊ ಕೇಂದ್ರಗಳ ನಡುವೆಯೇ ಬೀಳುತ್ತವೆ. ಎರಡು ಸುರುಳಿಗಳನ್ನು ವಿರುದ್ಧ ದಿಕ್ಕಿನಲ್ಲಿ ಸುತ್ತಿದರೆ ದೂರದ ಪ್ರಸಾರ ಬಹುಪಾಲು ಪರಸ್ಪರ ರದ್ದಾಗುತ್ತದೆ. ಉಳಿದ ಗದ್ದಲಕ್ಕೆ ಮಿಡಿತಗಳನ್ನು ಮತ್ತೆ ಮತ್ತೆ ಕಳಿಸಿ ಸರಾಸರಿ ತೆಗೆಯಬೇಕು. ಸ್ಪಷ್ಟತೆ ಎರಡು ಪಟ್ಟಾಗಲು ಸಮಯ ನಾಲ್ಕು ಪಟ್ಟು ಬೇಕು. ತಾಪಮಾನ ಬದಲಾದರೆ ಗೆರೆಯೂ ಜರುಗುತ್ತದೆ. ಲೋಹದ ಪೆಟ್ಟಿಗೆಯೊಳಗೆ ತರಂಗವೇ ಹೋಗದು, ದ್ರವ ಸ್ಫೋಟಕ ಮರುದನಿಯನ್ನೇ ಕೊಡದು. ಆದ್ದರಿಂದ ಎಕ್ಸ್-ರೇ, ಶ್ವಾನದಳ ಜೊತೆಗಿರಲೇಬೇಕು.

ದೂರದಿಂದಲೇ ಸ್ಫೋಟಕ ಪತ್ತೆಹಚ್ಚುತ್ತದೆಂದು ಮಾರಿದ ಎಡಿಇ 651 ಎಂಬ ಪೊಳ್ಳು ಸಾಧನವನ್ನು ನಂಬಿ ಇರಾಕ್‌ನ ತಪಾಸಣಾ ಠಾಣೆಗಳು ಮೋಸಹೋದವು. ಮಾರಿದವನಿಗೆ 2013ರಲ್ಲಿ ಬ್ರಿಟನ್ ನ್ಯಾಯಾಲಯ 10 ವರ್ಷ ಜೈಲು ವಿಧಿಸಿತು. ಯಾವ ಸಾಧನವನ್ನೇ ಆಗಲಿ, ಕೊಳ್ಳುವ ಮುನ್ನ ಒಂದೇ ತರದ ಪೆಟ್ಟಿಗೆಗಳನ್ನಿಟ್ಟು, ಸ್ಫೋಟಕದ ಮಾದರಿ ಯಾವುದರಲ್ಲಿದೆಯೆಂದು ನಡೆಸುವವನಿಗೂ ನೋಡುವವನಿಗೂ ತಿಳಿಯದಂತೆ ಹತ್ತಾರು ಬಾರಿ ಪರೀಕ್ಷಿಸಬೇಕು. ಖಾಲಿ ಪೆಟ್ಟಿಗೆಗೆ ಎಷ್ಟು ಸಲ ಕೂಗಿತು ಎಂಬುದನ್ನೂ ಬರೆದಿಡಬೇಕು.