ಬಸ್ಸಿಗೆ ಸರಿ, ಮಗ್ಗಕ್ಕಲ್ಲ

ಮಾನ್ಯ ಸಂಪಾದಕರೇ,

ಎರಡು ಸಾವಿರ ರೂಪಾಯಿಯೊಳಗೆ ಸಿಗುವ, ಹೊರಗಿನ ಸದ್ದನ್ನು ತಗ್ಗಿಸುವ ವೈರ್‌ಲೆಸ್ ಹೆಡ್‌ಫೋನ್‌ಗಳ ಬಗ್ಗೆ ತಮ್ಮ ತಂತ್ರಜ್ಞಾನ ಪುಟದಲ್ಲಿ ಬಂದ ಬರಹವನ್ನು ಓದಿದೆ. ಬರೆದವರು ಮೆಟ್ರೊ ರೈಲು, ವಿಮಾನ, ಕಚೇರಿಯ ಏಸಿ ಇವುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದಾರೆ. ಅವರು ಹೇಳಿದ್ದರಲ್ಲಿ ನನಗೆ ತಪ್ಪು ಕಾಣಲಿಲ್ಲ. ಆದರೆ ಆ ಪುಟವನ್ನು ರಬಕವಿ-ಬನಹಟ್ಟಿಯಲ್ಲಿಯೂ ಓದುತ್ತಾರೆ. ಇಲ್ಲಿ ಓಣಿಗೆ ಓಣಿಯೇ ವಿದ್ಯುತ್ ಮಗ್ಗದ ಸದ್ದಿನಲ್ಲಿ ಏಳುತ್ತದೆ, ಆ ಸದ್ದಿನಲ್ಲಿಯೇ ಮಲಗುತ್ತದೆ. ಬರಹವನ್ನು ಮೊಬೈಲ್‌ನಲ್ಲಿ ಹಂಚಿಕೊಂಡ ನಮ್ಮ ನೇಕಾರ ಹುಡುಗರು ‘ಇದನ್ನು ಹಾಕಿಕೊಂಡು ಮಗ್ಗ ನಡೆಸಬಹುದೇ, ಕಿವಿ ಉಳಿಯುತ್ತದೆಯೇ’ ಎಂದು ನನ್ನನ್ನು ಕೇಳುತ್ತಿದ್ದಾರೆ. ಅವರಿಗೆ ಕೊಟ್ಟ ಉತ್ತರವನ್ನು ಉಳಿದವರೂ ಓದಲಿ ಎಂದು ಈ ಪತ್ರ ಬರೆಯುತ್ತಿದ್ದೇನೆ.

ನಾನು ಜಾಬರ್. ಮಗ್ಗ ಕೆಟ್ಟರೆ ಕರೆಸುವುದು ನಮ್ಮನ್ನು. ಲಾಳಿಯನ್ನು ತಳ್ಳುವ ಪಿಕ್ಕರ್ ಸವೆದಿದೆಯೋ, ನೂಲು ಹೊತ್ತು ಅತ್ತಿತ್ತ ಓಡುವ ಆ ಲಾಳಿ ತನ್ನ ಪೆಟ್ಟಿಗೆಯಲ್ಲಿ ಸರಿಯಾಗಿ ಕೂರುತ್ತಿಲ್ಲವೋ, ಗೇರಿನ ಹಲ್ಲು ಮುರಿದಿದೆಯೋ ಎಂಬುದನ್ನು ಪಾನಾ ಕೈಗೆತ್ತಿಕೊಳ್ಳುವ ಮೊದಲೇ ಕಿವಿ ಹೇಳಿಬಿಡುತ್ತದೆ. ಹಾಗಾಗಿ ಕಿವಿಗೆ ಸಂಬಂಧಿಸಿದ ಯಾವ ವಸ್ತುವನ್ನೂ ನಾನು ಹಗುರವಾಗಿ ನೋಡುವುದಿಲ್ಲ. ಜಮಖಂಡಿಯ ಒಂದು ಅಂಗಡಿಯಿಂದ ಇಂಥ ಹೆಡ್‌ಫೋನ್ ತಂದು, ಮನೆಯಲ್ಲಿ, ಬಸ್ಸಿನಲ್ಲಿ, ಮಗ್ಗದ ಶೆಡ್ಡಿನಲ್ಲಿ ಹಾಕಿಕೊಂಡು ನೋಡಿದ್ದೇನೆ.

ಪೆಟ್ಟಿಗೆಯ ಮೇಲೆ ಅಚ್ಚಾದ ಗರಿಷ್ಠ ಮಾರಾಟ ಬೆಲೆ 5,999 ರೂಪಾಯಿ, ನಾನು ಕೊಟ್ಟದ್ದು 1,899. ಒಳಗೆ ಮಡಚಿಟ್ಟ ಹೆಡ್‌ಫೋನ್, ಗೇಣುದ್ದದ ಟೈಪ್-ಸಿ ಚಾರ್ಜಿಂಗ್ ತಂತಿ, ಬ್ಲೂಟೂತ್ ಇಲ್ಲದ ಕಡೆ ಚುಚ್ಚಿಕೊಳ್ಳಲು 3.5 ಮಿಲಿಮೀಟರಿನ ಇನ್ನೊಂದು ತಂತಿ, ಒಂದು ವರ್ಷದ ವಾರಂಟಿ ಚೀಟಿ ಇದ್ದವು. ಚಾರ್ಜರ್ ಇಲ್ಲ, ಚೀಲವೂ ಇಲ್ಲ. ಈ ಬೆಲೆಗೆ ಅದನ್ನು ಕೇಳುವುದೂ ಸರಿಯಲ್ಲ. ಮಡಚುವ ಕೀಲು ಪ್ಲಾಸ್ಟಿಕ್ಕಿನದು, ತಿರುಗಿಸಿದರೆ ಕಿರ್ರೆನ್ನುತ್ತದೆ. ಯಂತ್ರದ ಕೆಲಸದವನಾಗಿ ಹೇಳುತ್ತೇನೆ, ಮೊದಲು ಮುರಿಯುವುದು ಅದೇ ಜಾಗ, ಎರಡೂ ಕೈಯಿಂದ ಬಿಡಿಸಿ ಹಾಕಿಕೊಳ್ಳಿ. ಕಿವಿ ಮುಚ್ಚುವ ಮೆತ್ತೆಗಳು ಕೃತಕ ಚರ್ಮದವು. ನಮ್ಮ ಬೇಸಿಗೆಯಲ್ಲಿ ಸ್ವಲ್ಪ ಹೊತ್ತಿನಲ್ಲಿಯೇ ಬೆವರುತ್ತವೆ. ಒಣ ಬಟ್ಟೆಯಿಂದ ಒರೆಸಿಡದಿದ್ದರೆ ಸಿಪ್ಪೆ ಏಳುವುದು ಖಚಿತ. ಕನ್ನಡಕ ಹಾಕುವವರು ಇನ್ನೊಂದು ಮಾತು ಗಮನಿಸಬೇಕು. ಕನ್ನಡಕದ ಕಡ್ಡಿ ಮೆತ್ತೆಯನ್ನು ಎತ್ತಿಹಿಡಿದು ಸಂದು ಮಾಡುತ್ತದೆ, ಆ ಸಂದಿನಿಂದ ದಪ್ಪ ಸದ್ದು ಒಳಗೆ ನುಗ್ಗುತ್ತದೆ. ತೆಳುವಾದ ಕಡ್ಡಿಯ ಕನ್ನಡಕವಾದರೆ ವ್ಯತ್ಯಾಸ ಕಡಿಮೆ.

ಬಸ್ಸಿನಲ್ಲಿ ಅದು ಕೊಟ್ಟ ಸುಖವನ್ನು ಮುಚ್ಚಿಡುವುದಿಲ್ಲ. ಬನಹಟ್ಟಿಯಿಂದ ವಿಜಯಪುರಕ್ಕೆ ಹೋಗುವ ಹಳೆಯ ಬಸ್ಸಿನಲ್ಲಿ, ಎಂಜಿನ್ ಪಕ್ಕದ ಸೀಟಿನಲ್ಲಿ ಕುಳಿತು ಸದ್ದು ತಗ್ಗಿಸುವ ಗುಂಡಿ ಒತ್ತಿದಾಗ ಎದೆಗೆ ಬಡಿಯುತ್ತಿದ್ದ ಗುಡುಗುಡು ದೂರ ಸರಿಯಿತು. ಭೀಮಸೇನ ಜೋಶಿಯವರ ಧ್ವನಿಮುದ್ರಿಕೆ ಹಾಕಿದೆ. ಅವರ ಕಂಠ ಎಂಥ ಗದ್ದಲದಲ್ಲಿಯೂ ಕೇಳಿಸುವಂಥದ್ದು. ಆದರೆ ಹಿಂದೆ ನುಡಿಯುವ ತಂಬೂರಿ ಬಸ್ಸಿನಲ್ಲಿ ನನಗೆ ಎಂದೂ ಕೇಳಿಸಿರಲಿಲ್ಲ, ಅಂದು ಕೇಳಿಸಿತು. ಧ್ವನಿ ಹೆಚ್ಚಿಸಬೇಕಾಗಲಿಲ್ಲ, ಸಾಮಾನ್ಯವಾಗಿ ಇಡುವುದಕ್ಕಿಂತ ಕಡಿಮೆಯೇ ಇಟ್ಟೆ. ಈ ಯಂತ್ರದ ನಿಜವಾದ ಉಪಕಾರ ಇದು, ಹೊರಗಿನ ಸದ್ದನ್ನು ಮೀರಿಸಲೆಂದು ಹಾಡನ್ನು ಕಿವಿಗೆ ಸುರಿದುಕೊಳ್ಳುವ ಅಗತ್ಯ ತಪ್ಪುತ್ತದೆ. ಕಿಟಕಿ ಗಾಜಿನ ಖಟಖಟ ಮಾತ್ರ ಹಾಗೆಯೇ ಉಳಿಯಿತು, ಕಂಡಕ್ಟರರ ಸೀಟಿಯೂ ಕೇಳಿಸಿತು. ಕಡಿಮೆ ಬೆಲೆಯದಾದ್ದರಿಂದ ಮಂದ್ರ ಸ್ವರವನ್ನು ತುಸು ಅತಿಯಾಗಿ ಉಬ್ಬಿಸುತ್ತದೆ, ತಬಲಾದ ಎಡ ಬಡಿದಾಗ ಗಾಯನ ಮಸುಕಾಗುತ್ತದೆ. ರಾತ್ರಿ ನಿಶ್ಶಬ್ದದಲ್ಲಿ ಹಾಕಿಕೊಂಡರೆ ಸಣ್ಣಗೆ ಸುಂಯ್ ಎನ್ನುವುದೂ ಉಂಟು.

ಎಂಜಿನ್ ಅಡಗಿತು, ಗಾಜು ಅಡಗಲಿಲ್ಲ, ಏಕೆ? ಹೆಡ್‌ಫೋನಿನ ಹೊರಗೂ ಒಳಗೂ ಇರುವ ಪುಟ್ಟ ಮೈಕುಗಳು ಬರುವ ಸದ್ದನ್ನು ಹಿಡಿಯುತ್ತವೆ, ಒಳಗಿನ ಚಿಪ್ ಅದಕ್ಕೆ ನೇರ ವಿರುದ್ಧವಾದ ಅಲೆಯನ್ನು ಹುಟ್ಟಿಸಿ ಕಿವಿಯೊಳಗೆ ಬಿಡುತ್ತದೆ, ಎರಡೂ ಸೇರಿ ಒಂದನ್ನೊಂದು ಅಳಿಸುತ್ತವೆ. ತೂಗುವ ತೊಟ್ಟಿಲನ್ನು ಎದುರಿನಿಂದ ಅದೇ ಲಯ ಹಿಡಿದು ಒತ್ತಿದರೆ ನಿಲ್ಲುತ್ತದೆಯಲ್ಲ, ಹಾಗೆ. ಲಯ ಮೊದಲೇ ತಿಳಿದಿದ್ದರೆ ಮಾತ್ರ ಇದು ಸಾಧ್ಯ. ಒಂದೇ ಸಮನೆ ಬರುವ, ನಿಧಾನವಾಗಿ ಕಂಪಿಸುವ ದಪ್ಪ ಸದ್ದಿಗೆ ಎದುರಲೆ ಹುಟ್ಟಿಸುವುದು ಸುಲಭ. 100 ಹರ್ಟ್ಸ್, ಅಂದರೆ ಸೆಕೆಂಡಿಗೆ ನೂರು ಸಲ ಕಂಪಿಸುವ ಸದ್ದಿನ ಅಲೆ ಸುಮಾರು ಮೂರೂವರೆ ಮೀಟರ್ ಉದ್ದ, ಸ್ವಲ್ಪ ಹಿಂದೆಮುಂದೆ ಆದರೂ ನಡೆಯುತ್ತದೆ. 4,000 ಹರ್ಟ್ಸ್ ಸದ್ದಿನ ಅಲೆ ಒಂಬತ್ತು ಸೆಂಟಿಮೀಟರ್ ಕೂಡ ಇಲ್ಲ, ಅಲ್ಲಿ ಕೂದಲೆಳೆ ತಪ್ಪಿದರೂ ಕೆಲಸ ಕೆಡುತ್ತದೆ. ಪಾಲ್ ಲ್ಯೂಗ್ ಎಂಬ ಜರ್ಮನ್ ಸಂಶೋಧಕ ಈ ತತ್ವಕ್ಕೆ 1936ರಲ್ಲಿಯೇ ಅಮೆರಿಕದ ಪೇಟೆಂಟ್ ಪಡೆದಿದ್ದ. ಅದು ಹೆಡ್‌ಫೋನಾಗಿ ಜನರ ಕೈಗೆ ಬರಲು ಕಾರಣರಾದವರಲ್ಲಿ ಮುಖ್ಯರು ಅಮರ್ ಬೋಸ್, ಬಂಗಾಳದ ಸ್ವಾತಂತ್ರ್ಯ ಹೋರಾಟಗಾರರೊಬ್ಬರ ಮಗ. 1978ರಲ್ಲಿ ವಿಮಾನ ಪ್ರಯಾಣದಲ್ಲಿ ಎಂಜಿನ್ ಮೊರೆತದಿಂದ ಸಂಗೀತ ಕೇಳಿಸದೆ ಬೇಸತ್ತು ಅವರು ಈ ಕೆಲಸಕ್ಕೆ ಕೈಹಾಕಿದರು. 1989ರಲ್ಲಿ ಅವರ ಕಂಪನಿ ಮೊದಲು ಮಾರಿದ್ದು ವಿಮಾನ ಚಾಲಕರಿಗಾಗಿ. ಅಂದರೆ ಇದು ಹುಟ್ಟಿದ್ದೇ ಎಂಜಿನ್ನಿನ ಏಕಸಮನಾದ ಮೊರೆತವನ್ನು ತಡೆಯಲು.

ಮಗ್ಗದ ಸದ್ದು ಅದಲ್ಲ. ಮಗ್ಗದಲ್ಲಿ ಎರಡು ಸದ್ದುಗಳಿವೆ. ಒಂದು ಮೋಟಾರಿನ ಗುಂಯ್. ನಮ್ಮ ವಿದ್ಯುತ್ತು 50 ಹರ್ಟ್ಸಿನದಾದ್ದರಿಂದ ಅದರ ಗುಂಯ್‌ಕಾರ 100 ಹರ್ಟ್ಸಿನ ಸುತ್ತಮುತ್ತ ಇರುತ್ತದೆ. ಇನ್ನೊಂದು ಪಿಕಿಂಗ್ ಸ್ಟಿಕ್ ಲಾಳಿಯನ್ನು ಈ ಪೆಟ್ಟಿಗೆಯಿಂದ ಆ ಪೆಟ್ಟಿಗೆಗೆ ಹೊಡೆಯುವ ಪೆಟ್ಟು. ನಿಮಿಷಕ್ಕೆ ನೂರಕ್ಕೂ ಹೆಚ್ಚು ಸಲ ಬೀಳುವ ಆ ಪೆಟ್ಟು ಕ್ಷಣದಲ್ಲಿ ಹುಟ್ಟಿ ಕ್ಷಣದಲ್ಲಿ ಮುಗಿಯುತ್ತದೆ. ಒಂದು ಶೆಡ್ಡಿನಲ್ಲಿ ಆರೆಂಟು ಮಗ್ಗಗಳು ತಮ್ಮ ತಮ್ಮ ವೇಗದಲ್ಲಿ ನಡೆಯುವಾಗ ಪೆಟ್ಟುಗಳು ಒಂದರ ಮೇಲೊಂದು ಬೀಳುತ್ತವೆ, ಯಾವ ಚಿಪ್‌ಗೂ ಲಯ ಸಿಗುವುದಿಲ್ಲ. ಹೆಡ್‌ಫೋನ್ ಹಾಕಿಕೊಂಡು ಶೆಡ್ಡಿನಲ್ಲಿ ನಿಂತಾಗ ನನಗಾದ ಅನುಭವ ವಿಚಿತ್ರವಾಗಿತ್ತು. ಗುಂಯ್‌ಕಾರ ಪೂರ್ತಿ ಮಾಯವಾಯಿತು, ಪೆಟ್ಟು ಮಾತ್ರ ಮೊದಲಿಗಿಂತ ಚೊಕ್ಕವಾಗಿ, ಒಂಟಿಯಾಗಿ ಎದ್ದು ಬಂತು. ಯಾವ ಮಗ್ಗದ ಪಿಕ್ಕರ್ ಸವೆದಿದೆ ಎಂಬುದು ಬರಿಗಿವಿಗಿಂತ ಸ್ಪಷ್ಟವಾಗಿ ತಿಳಿಯಿತು. ಜಾಬರನಾಗಿ ನನಗೆ ಅದು ಸಂತೋಷದ ವಿಷಯವೇ. ಒಂದೊಂದು ಗಟ್ಟಿ ಪೆಟ್ಟು ಬಿದ್ದಾಗ ಹೆಡ್‌ಫೋನೇ ತಡಬಡಿಸಿ ಟಪ್ ಎಂದದ್ದೂ ಇದೆ. ಮೆತ್ತೆ ಕಿವಿಯನ್ನು ಮುಚ್ಚುವುದರಿಂದ ಪೆಟ್ಟಿನ ಚೂಪು ಸ್ವಲ್ಪ ತಗ್ಗುತ್ತದೆ, ನಿಜ. ಆದರೆ ಎಷ್ಟು ತಗ್ಗುತ್ತದೆ ಎಂದು ಯಾರೂ ಪರೀಕ್ಷಿಸಿ ಬರೆದುಕೊಟ್ಟಿಲ್ಲ. ಸದ್ದಿನ ಜೋರನ್ನು ಡೆಸಿಬಲ್‌ನಲ್ಲಿ ಅಳೆಯುತ್ತಾರೆ. ಹೆಡ್‌ಫೋನ್ ಪೆಟ್ಟಿಗೆಯ ಮೇಲಿನ 32 ಡೆಸಿಬಲ್ ಎಂಬ ಅಂಕಿ ದಪ್ಪ ಸದ್ದಿನ ಒಂದು ಸಣ್ಣ ವ್ಯಾಪ್ತಿಯಲ್ಲಿ ಸಿಗುವ ಅತಿ ಹೆಚ್ಚಿನ ಫಲ, ಎಲ್ಲ ಸದ್ದಿಗೂ ಅನ್ವಯಿಸುವ ಲೆಕ್ಕವಲ್ಲ.

ಅಪಾಯ ಇರುವುದು ಇಲ್ಲಿ. ಗುಂಯ್‌ಕಾರ ಹೋದ ಕೂಡಲೇ ಗದ್ದಲವೇ ಕಡಿಮೆಯಾಯಿತು ಎಂದು ಮನಸ್ಸು ನಂಬುತ್ತದೆ. ಉಳಿದ ಪೆಟ್ಟನ್ನು ಮುಚ್ಚಲು ಹುಡುಗರು ಹಾಡಿನ ಧ್ವನಿ ಏರಿಸುತ್ತಾರೆ. ಆಗ ಕಿವಿಗೆ ಬೀಳುವುದು ಪೆಟ್ಟೂ ಹೌದು, ಹಾಡೂ ಹೌದು. 80 ಡೆಸಿಬಲ್ ಧ್ವನಿಯನ್ನು ವಾರಕ್ಕೆ 40 ಗಂಟೆ ಕೇಳಬಹುದು, 90 ಡೆಸಿಬಲ್ ಆದರೆ ವಾರಕ್ಕೆ 4 ಗಂಟೆ ಮಾತ್ರ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಲಾಳಿ ಮಗ್ಗಗಳ ಶೆಡ್ಡಿನಲ್ಲಿ ಸದ್ದು ಸಾಮಾನ್ಯವಾಗಿ 90 ಡೆಸಿಬಲ್ ದಾಟಿಯೇ ಇರುತ್ತದೆ, ನಮ್ಮವರು ಅಲ್ಲಿ ಒಂದು ದಿನಕ್ಕೆ ಎಂಟು, ಹತ್ತು, ಹನ್ನೆರಡು ಗಂಟೆ ನಿಲ್ಲುತ್ತಾರೆ. ಒಳಗಿವಿಯಲ್ಲಿರುವ ಕೂದಲಿನಂಥ ಸೂಕ್ಷ್ಮ ಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಗದ್ದಲದಿಂದ ಬರುವ ಕಿವುಡು ಸಾಮಾನ್ಯವಾಗಿ 4,000 ಹರ್ಟ್ಸಿನ ಸುತ್ತಲಿನ ಚೂಪು ಸದ್ದಿನಿಂದ ಶುರುವಾಗುತ್ತದೆ, ಆದ್ದರಿಂದಲೇ ಬಹಳ ಕಾಲ ಗೊತ್ತಾಗುವುದಿಲ್ಲ. ನನ್ನ ತಂದೆಯವರು ನೇಕಾರರು. ವಯಸ್ಸಾದ ಮೇಲೆ ಅವರಿಗೆ ಗುಡುಗು ಕೇಳಿಸುತ್ತಿತ್ತು, ಗಂಡಸರ ಮಾತೂ ಅಷ್ಟಿಷ್ಟು ಕೇಳಿಸುತ್ತಿತ್ತು. ಪುಟ್ಟ ಮೊಮ್ಮಗಳು ಪಕ್ಕದಲ್ಲಿ ಕುಳಿತು ಶಾಲೆಯ ಪದ್ಯ ಹೇಳಿದರೆ ಅವಳ ಬಾಯಿಯನ್ನೇ ನೋಡುತ್ತಿದ್ದರು. ನಮ್ಮೂರಿನಲ್ಲಿ ಇದು ಯಾವ ಮನೆಗೂ ಹೊಸದಲ್ಲ. ವಯಸ್ಸಿನ ದೋಷವೆಂದು ಎಲ್ಲರೂ ಸುಮ್ಮನಾಗುತ್ತಾರೆ. ಕಾರ್ಮಿಕ ಕಾನೂನು ಗದ್ದಲದಿಂದಾಗುವ ಕಿವುಡನ್ನು ಔದ್ಯೋಗಿಕ ರೋಗಗಳ ಪಟ್ಟಿಗೆ ಸೇರಿಸಿದ್ದರೂ ಮನೆಯ ಪಡಸಾಲೆಯಲ್ಲಿ ನಾಲ್ಕು ಮಗ್ಗ ಹಾಕಿಕೊಂಡವರ ತನಕ ಆ ಪಟ್ಟಿ ಬಂದು ಮುಟ್ಟಿಲ್ಲ.

ನಾನು ಹೆಡ್‌ಫೋನ್ ಕೊಂಡ ಅಂಗಡಿಯವರು, ಬನಹಟ್ಟಿಯವನು ಎಂದು ತಿಳಿದ ಕೂಡಲೇ, ‘ಮಗ್ಗದಲ್ಲಿ ಕುಳಿತವರಿಗೆ ಇದೇ ಬೇಕು, ಕಿವಿಗೆ ರಕ್ಷಣೆ’ ಎಂದರು. ಅವರು ಕೆಟ್ಟವರಲ್ಲ, ಪೆಟ್ಟಿಗೆಯ ಮೇಲಿನ ಚಿತ್ರ ನೋಡಿ ನಂಬಿದ್ದಾರೆ. ಒಳಗಿದ್ದ ಸೂಚನೆಯ ಹಾಳೆ ಓದಿ ತಿಳಿಯೋಣವೆಂದರೆ ಅದರಲ್ಲಿ ಒಂದಕ್ಷರ ಕನ್ನಡವಿಲ್ಲ. ಪೊಟ್ಟಣದ ಮೇಲಿನ ಕಡ್ಡಾಯ ವಿವರಗಳು ಹಿಂದಿಯಲ್ಲಿ ಅಥವಾ ಇಂಗ್ಲಿಷಿನಲ್ಲಿ ಇದ್ದರೆ ಸಾಕು ಎನ್ನುತ್ತವೆ 2011ರ ಪೊಟ್ಟಣ ಸರಕುಗಳ ನಿಯಮಗಳು. ಬೇರೆ ಭಾಷೆಯನ್ನು ಸೇರಿಸಬಾರದೆಂದು ಅವು ಹೇಳುವುದಿಲ್ಲ. ‘ಇದು ಕಾರ್ಖಾನೆಯ ಗದ್ದಲದಿಂದ ಕಿವಿ ಕಾಪಾಡುವ ಸಾಧನವಲ್ಲ’ ಎಂಬ ಒಂದು ಸಾಲನ್ನು ಕನ್ನಡದಲ್ಲಿ ಅಚ್ಚು ಹಾಕಲು ಯಾವ ಕಂಪನಿಗೂ ಕಷ್ಟವಾಗಲಾರದು. ಬೆಂಗಳೂರಿನಲ್ಲಿ ಮಾರುಕಟ್ಟೆ ಕಚೇರಿ ಇಟ್ಟುಕೊಂಡು ನಮ್ಮ ಜಿಲ್ಲೆಗಳಿಗೆ ಸರಕು ಕಳಿಸುವವರು ಇಷ್ಟಾದರೂ ಮಾಡಬೇಕು.

ಹಾಗಾದರೆ ಮಗ್ಗಕ್ಕೆ ಏನು ಬೇಕು? ಔಷಧದಂಗಡಿಯಲ್ಲಿ, ಸುರಕ್ಷಾ ಸಾಮಗ್ರಿ ಮಾರುವ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಮೆತ್ತನೆಯ ಫೋಮ್ ಕಿವಿಬಿರಡೆಗಳು ಸಾಕು. ಒಂದು ಊಟದ ಬೆಲೆಗಿಂತ ಕಡಿಮೆ. ಬೆರಳಿನಲ್ಲಿ ಹೊಸೆದು ಸಣ್ಣದು ಮಾಡಿ, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೆಳೆದು ಒಳಗಿಟ್ಟು, ಅದು ಉಬ್ಬುವ ತನಕ ಒತ್ತಿ ಹಿಡಿಯಬೇಕು. ಸುಮ್ಮನೆ ತುದಿಯಲ್ಲಿ ಸಿಕ್ಕಿಸಿದರೆ ಪ್ರಯೋಜನವಿಲ್ಲ. ಅರಳೆ ತುರುಕಿಕೊಳ್ಳುವ ರೂಢಿ ನಮ್ಮಲ್ಲಿದೆ, ಅದರಿಂದ ಹೇಳಿಕೊಳ್ಳುವಷ್ಟು ಲಾಭವಿಲ್ಲ. ಕಿವಿಯ ಮೇಲೆ ಕೂರುವ ಗಟ್ಟಿ ಕವಚ ಬೇಕೆಂದರೆ ಕಿವಿ ರಕ್ಷಕಗಳಿಗೆಂದೇ ಇರುವ ಐಎಸ್ 9167 ಎಂಬ ಭಾರತೀಯ ಮಾನಕವನ್ನು ನೋಡಿ ಕೊಳ್ಳಬೇಕು. ಬಿರಡೆ ಹಾಕಿದರೆ ಮಗ್ಗ ತಪ್ಪಿದ್ದು ಗೊತ್ತಾಗುವುದಿಲ್ಲ ಎಂದು ಹಿರಿಯರು ಹೆದರುತ್ತಾರೆ. ನಾನು ಬಿರಡೆ ಹಾಕಿಯೇ ರಿಪೇರಿ ಮಾಡುತ್ತೇನೆ. ಎಲ್ಲ ಸದ್ದೂ ಒಟ್ಟಿಗೆ ತಗ್ಗುವುದರಿಂದ ದೋಷದ ಸದ್ದು ಎದ್ದೇ ಕೇಳಿಸುತ್ತದೆ. ಕೆಲವು ದಿನಗಳ ರೂಢಿ ಬೇಕು, ಅಷ್ಟೇ.

ಕೇಂದ್ರ ಸರ್ಕಾರದ ಶ್ರವಣದೋಷ ತಡೆ ಮತ್ತು ನಿಯಂತ್ರಣ ಕಾರ್ಯಕ್ರಮ ಎಂಬುದೊಂದು ಇದೆ. ಪ್ರತಿವರ್ಷ ಮಾರ್ಚ್ 3ರಂದು ವಿಶ್ವ ಶ್ರವಣ ದಿನವನ್ನೂ ಆಚರಿಸುತ್ತಾರೆ. ಬರುವ ಮಾರ್ಚಿನಲ್ಲಿ ಭಾಷಣದ ಬದಲು ರಬಕವಿ, ಬನಹಟ್ಟಿ, ತೇರದಾಳ, ಗುಳೇದಗುಡ್ಡ, ಇಳಕಲ್ಲಿನ ನೇಕಾರ ಓಣಿಗಳಿಗೆ ಶ್ರವಣ ಪರೀಕ್ಷೆಯ ಯಂತ್ರ ಬರಲಿ. ಕೈಮಗ್ಗದವರಿಗೂ ವಿದ್ಯುತ್ ಮಗ್ಗದವರಿಗೂ ಪರೀಕ್ಷೆಯಾಗಲಿ, ಮಗ್ಗದ ಮಾಲೀಕರು ನೂಲು, ಎಣ್ಣೆ ತರುವಾಗ ಒಂದು ಡಬ್ಬಿ ಬಿರಡೆಯನ್ನೂ ತರಲಿ. ಇಪ್ಪತ್ತರ ಹುಡುಗನಿಗೆ ಈಗಲೇ ಒಂದು ಪರೀಕ್ಷೆ ಮಾಡಿ ಚೀಟಿ ಕೊಟ್ಟರೆ ಐದು ವರ್ಷದ ನಂತರ ಹೋಲಿಸಿ ನೋಡಲು ಸಾಧ್ಯವಾಗುತ್ತದೆ.

ತಮ್ಮಲ್ಲಿ ನನ್ನ ವಿನಂತಿ ಇಷ್ಟು. ತಂತ್ರಜ್ಞಾನ ಪುಟದಲ್ಲಿ ಮುಂದಿನ ಸಲ ಇಂಥ ಹೆಡ್‌ಫೋನ್‌ಗಳ ಪಟ್ಟಿ ಕೊಡುವಾಗ, ಯಾವ ಸದ್ದನ್ನು ತಗ್ಗಿಸುತ್ತದೆ, ಯಾವುದನ್ನು ತಗ್ಗಿಸುವುದಿಲ್ಲ ಎಂಬುದನ್ನು ಪ್ರತಿಯೊಂದರ ಮುಂದೆ ಬರೆಯಿಸಿ. ಅದೇ ಪುಟದಲ್ಲಿ ಒಂದು ಜೊತೆ ಕಿವಿಬಿರಡೆಯ ಬೆಲೆಯನ್ನೂ, ಅದನ್ನು ಹಾಕಿಕೊಳ್ಳುವ ರೀತಿಯ ಚಿತ್ರವನ್ನೂ ಅಚ್ಚು ಮಾಡಿ. ಕತ್ತರಿಸಿ ಶೆಡ್ಡಿನ ಗೋಡೆಗೆ ಅಂಟಿಸುವ ಕೆಲಸ ನನಗಿರಲಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಮಗ್ಗದ ಜಾಬರ್
ಬನಹಟ್ಟಿ, ಬಾಗಲಕೋಟೆ ಜಿಲ್ಲೆ