ನೀನು ಕೊಟ್ಟ ಆ ಅಂಗಿ: ಗೆಳೆಯನಿಗೊಂದು ಪತ್ರ

ಮಾರಾಯ,

ಹೇಗಿದ್ದೀಯ? ಇಲ್ಲಿ ಉಡುಪಿಯಲ್ಲಿ ಮಳೆ ಬಿಡುವ ಲಕ್ಷಣವೇ ಇಲ್ಲ. ಅಮ್ಮ ಈಗಲೂ ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿ ಬಟ್ಟೆ ಒಣಗಿಸುತ್ತಾಳೆ. ಆ ಹಗ್ಗ ನೋಡಿದಾಗೆಲ್ಲ ನಿನ್ನ ಅಂಗಿ ನೆನಪಾಗುತ್ತದೆ. ಯಾವ ಅಂಗಿ ಅಂತ ನಿನಗೆ ಹೇಳಬೇಕಾಗಿಲ್ಲ ಅಲ್ವಾ?

ನಾನೀಗ ಸ್ಕೌಟ್ ಮಾಸ್ಟರ್ ಅಂತ ಗೊತ್ತಲ್ಲ. ಜುಲೈ ಕೊನೆಯಲ್ಲಿ ಒಬ್ಬ ಹುಡುಗ ಬಂದು ಕೇಳಿದ, "ಸರ್, ಯೂನಿಫಾರ್ಮ್ ಬೇಕೇ ಬೇಕಾ?" ಬೇಕು ಅಂದೆ. ದುಡ್ಡಿರುವವರ ಮಗ ಯಾರು, ಇಲ್ಲದವರ ಮಗ ಯಾರು ಅಂತ ಗೊತ್ತಾಗಬಾರದು, ಸ್ಕೌಟ್ ಶುರು ಮಾಡಿದ ಬೇಡನ್ ಪೊವೆಲ್ ಹೇಳಿದ್ದೂ ಇದನ್ನೇ ಅಂದೆ. ಹುಡುಗ ತಲೆಯಾಡಿಸಿ ಹೋದ. ಯಾಕೆ ಕೇಳಿದೆ ಅಂತ ನಾನು ಕೇಳಲಿಲ್ಲ.

ಅವನ ಅಪ್ಪ ಮಲ್ಪೆಯಲ್ಲಿ ಮೀನಿನ ಬೋಟಿಗೆ ಹೋಗುವವರು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಮಳೆಗಾಲದ ಮೀನುಗಾರಿಕೆ ನಿಷೇಧ; ಬೋಟು ಕಡಲಿಗೆ ಇಳಿಯುವ ಹಾಗಿಲ್ಲ, ಸಂಪಾದನೆಯೂ ಇಲ್ಲ. ಆಮೇಲೆ ಎರಡೇ ವಾರಕ್ಕೆ ಆಗಸ್ಟ್ 15. ಅಜ್ಜರಕಾಡು ಮೈದಾನಕ್ಕೆ ಅವನು ಶಾಲೆಯ ಬಿಳಿ ಅಂಗಿಯಲ್ಲೇ ಬಂದ. ಸ್ಕಾರ್ಫ್ ಮಾತ್ರ ಒಂದು ಸುಕ್ಕಿಲ್ಲದೆ ಸುತ್ತಿದ್ದ, ಸ್ಕಾರ್ಫ್ ಹಿಡಿದಿಡುವ ಬಳೆ, ವಾಗಲ್, ಎಲ್ಲಿರಬೇಕೋ ಅಲ್ಲೇ ಇತ್ತು. ಸಾಲು ಒಂದೇ ಥರ ಕಾಣಬೇಕು ಅಂತ ನಾನು ಅವನನ್ನು ತೆಗೆದು ನೀರಿನ ಬಾಟಲಿಗಳ ಹತ್ತಿರ ನಿಲ್ಲಿಸಿದೆ. ಮುಂದಿನ ಶನಿವಾರ ಅವನು ಬರಲಿಲ್ಲ.

1907ರಲ್ಲಿ ಬ್ರೌನ್‌ಸೀ ದ್ವೀಪದಲ್ಲಿ ಬೇಡನ್ ಪೊವೆಲ್ ಮಾಡಿದ ಮೊದಲ ಕ್ಯಾಂಪಿನ ಕಥೆಯನ್ನು ಮಕ್ಕಳಿಗೆ ಎಷ್ಟು ಸಲ ಹೇಳಿದ್ದೇನೋ. ಸುಮಾರು 20 ಹುಡುಗರು. ಕೆಲವರು ಶ್ರೀಮಂತರ ಶಾಲೆಯವರು, ಕೆಲವರು ಕೂಲಿಕಾರರ ಮನೆಯವರು. ಆ ಕ್ಯಾಂಪಿನಲ್ಲಿ ಯಾರಿಗೂ ಯೂನಿಫಾರ್ಮ್ ಅಂಗಿಯೇ ಇರಲಿಲ್ಲ! ಕುತ್ತಿಗೆಗೊಂದು ಖಾಕಿ ಸ್ಕಾರ್ಫ್, ಒಂದು ಹಿತ್ತಾಳೆ ಬ್ಯಾಡ್ಜ್, ಯಾವ ಗುಂಪು ಅಂತ ತಿಳಿಯಲು ಹೆಗಲಿಗೊಂದು ಬಣ್ಣದ ಗಂಟು. ಅಷ್ಟೇ. ಆ ಲೆಕ್ಕದಲ್ಲಿ ನನ್ನ ಹುಡುಗನಿಗೆ ಏನೂ ಕಡಿಮೆ ಇರಲಿಲ್ಲ. ಇದು ನನಗೆ ಹೊಳೆದದ್ದು ಅವನು ಬಾರದ ಆ ಶನಿವಾರ.

ನಿನ್ನ ಅಂಗಿಯ ವಿಷಯ. ಸ್ಕೌಟ್ ಕ್ಯಾಂಪಿಗೆ ಅಂತ ನಿನ್ನ ಹಳೆ ಯೂನಿಫಾರ್ಮ್ ಅಂಗಿಯನ್ನು ಬ್ಯಾಡ್ಜ್ ಬಿಚ್ಚಿ ನನಗೆ ಕೊಟ್ಟಿದ್ದೆ. ಬಟ್ಟೆಯೆಲ್ಲ ಮಾಸಿತ್ತು, ಬ್ಯಾಡ್ಜ್ ಇದ್ದ ಜಾಗ ಮಾತ್ರ ಹೊಸದರ ಹಾಗೆ ಗಾಢವಾಗಿ ಉಳಿದಿತ್ತು, ಸುತ್ತ ಸೂಜಿಯ ಸಣ್ಣ ಸಣ್ಣ ತೂತು. ಇದು ಇನ್ನೊಬ್ಬನ ಅಂಗಿ ಅಂತ ಬರೆದಿಟ್ಟ ಹಾಗೆ. ಮೂರು ದಿನದ ಕ್ಯಾಂಪಿಡೀ ಅಲ್ಲಿ ಕೈ ಅಡ್ಡ ಇಟ್ಟುಕೊಂಡೇ ಓಡಾಡಿದೆ. ನಿನ್ನ ಮೇಲೆ ಸಿಟ್ಟು ಬಂದಿತ್ತು ಮಾರಾಯ. ಕೊಟ್ಟವನ ಮೇಲೆ ಸಿಟ್ಟು. ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಹಾಗಿದ್ದೂ ಆ ಹುಡುಗನನ್ನು ಸಾಲಿನಿಂದ ತೆಗೆದವನು ನಾನೇ.

ಇಷ್ಟೆಲ್ಲ ಬರೆಯಬೇಕು ಅಂತ ಕೂತದ್ದಲ್ಲ.

ಅವನ ಮನೆಗೆ ಹೋಗಿ ತಪ್ಪಾಯ್ತು ಅಂದೆ. ಅವನ ಅಮ್ಮ ಚಾ ಕೊಟ್ಟರು, ಅವನು ಒಳಗೇ ಇದ್ದ. ಮೊನ್ನೆ ಶನಿವಾರ ಬಂದ. ನಾವು ಸ್ಕೌಟ್‌ನವರು ಕೈ ಕುಲುಕುವುದು ಎಡಗೈಯಲ್ಲಲ್ವಾ, ಎಡಗೈ ಚಾಚಿದೆ. ಸ್ವಲ್ಪ ತಡೆದು, ಅವನೂ ಚಾಚಿದ. ಈಗ ದಳದಲ್ಲಿ ಅಂಗಿಗಳಿಗೆ ಒಂದು ಪೆಟ್ಟಿಗೆ ಇಟ್ಟಿದ್ದೇವೆ. ಹಳೆ ಗುರುತು ಮುಚ್ಚುವ ಹಾಗೆ ಹೊಸ ಬ್ಯಾಡ್ಜ್ ಹೊಲಿದೇ ಕೊಡುವುದು.

ಚೌತಿಗೆ ಬರ್ತೀಯಲ್ಲ? ರಥಬೀದಿಯಲ್ಲಿ ಗೋಳಿಬಜೆ ನನ್ನ ಲೆಕ್ಕ. ಆ ಎರಡನೇ ಪ್ಲೇಟಿನ ಸುದ್ದಿ ಮಾತ್ರ ಎತ್ತಬೇಡ.

ನಿನ್ನವ